ಅವಿರೋಧ ಆಯ್ಕೆಯ ಸುಖ

ಸಭೆ ಯಾವುದೇ ಇರಲಿ, ಒಬ್ಬರು ಎದ್ದು ಅಧ್ಯಕ್ಷ ಸ್ಥಾನಕ್ಕೆ ಒಂದು ಹೆಸರು ಸೂಚಿಸಿದ ಮೇಲೆ ಒಂದು ಗಳಿಗೆ ಮೌನ ಕವಿಯುತ್ತದೆ. ಕುಳಿತವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ‘ಅನುಮೋದನೆ ಯಾರ್ದ್ರಿ?’ ಎಂದು ವೇದಿಕೆಯಿಂದ ಕೇಳುತ್ತಾರೆ. ಆಗ ಮೂರನೆಯ ಸಾಲಿನಿಂದ ಒಂದು ಕೈ ಮೇಲೇಳುತ್ತದಲ್ಲ, ಅದು ನನ್ನದು. ಅದರ ಹಿಂದೆ ತತ್ವ ಸಿದ್ಧಾಂತ ಯಾವುದೂ ಇಲ್ಲ. ನನಗೆ ಆ ಮೌನ ತಡೆಯಲಾಗುವುದಿಲ್ಲ, ಅಷ್ಟೇ. ಲಿಂಗಸುಗೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನ ಕೆಲಸ. ಅಲ್ಲಿ ಪ್ರಾಚಾರ್ಯರು ಒಂದು ಮಾತು ಹೇಳುತ್ತಾರೆ, ನಾನು ‘ಹೌದ್ರಿ ಸರ್’ ಎನ್ನುತ್ತೇನೆ. ಮನೆಯಲ್ಲಿ ಹೆಂಡತಿ ಗಿರಿಜಾ ಒಂದು ಮಾತು ಹೇಳುತ್ತಾಳೆ, ನಾನು ‘ಹೌದು’ ಎನ್ನುತ್ತೇನೆ. ‘ರೀ’ ಮತ್ತು ‘ಸರ್’ ಬಿಟ್ಟರೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ನಮ್ಮ ಮದುವೆಯೂ ಹಾಗೆಯೇ ಆದದ್ದು. ಹೆಣ್ಣು ನೋಡಲು ಜವಳಗೇರಾಕ್ಕೆ ಹೋದಾಗ ಹಿರಿಯರು ‘ಏನಪಾ, ಆಗಬಹುದೇನು?’ ಎಂದು ಕೇಳಿ ಸುಮ್ಮನಾದರು. ಆ ಮೌನ ತಡೆಯಲಾರದೆ ‘ಆಗಬಹುದು’ ಎಂದೆ. ಅದೊಂದು ಅನುಮೋದನೆ ಮಾತ್ರ ಇವತ್ತಿನವರೆಗೂ ಚೆನ್ನಾಗಿ ನಡೆದುಕೊಂಡು ಬಂದಿದೆ. ಹಾಗೆಂದು ನಾನು ತಿಳಿದುಕೊಂಡಿದ್ದೇನೆ.

ಸಿಂಧನೂರಿನಲ್ಲಿ ಮಸ್ಕಿ ರಸ್ತೆಯ ಬದಿಗೆ ನಮ್ಮ ಬಡಾವಣೆ. ಒಂದು ಕಾಲಕ್ಕೆ ಅದು ಭತ್ತದ ಗದ್ದೆ. ಈಗ ಸಿಮೆಂಟಿನ ಮನೆಗಳು ಎದ್ದಿದ್ದರೂ ಮಳೆ ಬಿದ್ದ ದಿನ ಕಪ್ಪೆಗಳು ಹಳೆಯ ಹಕ್ಕು ಬಿಟ್ಟುಕೊಡದೆ ಮನೆಯ ಬುಡದಲ್ಲೇ ಕೂತು ವಟಗುಟ್ಟುತ್ತವೆ. ಗಾಳಿ ತಿರುಗಿದಾಗ ರೈಸ್ ಮಿಲ್ಲುಗಳ ಕರಿ ಬೂದಿ ಬಂದು ಒಣಹಾಕಿದ ಬಿಳಿ ಅಂಗಿಗಳ ಮೇಲೆ ಕೂರುತ್ತದೆ. ಇಂಥ ಬಡಾವಣೆಗೊಂದು ನಿವಾಸಿಗಳ ಸಂಘ, ಸಂಘಕ್ಕೊಬ್ಬ ಅಧ್ಯಕ್ಷರು. ತಹಸೀಲ್ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಬಸವಂತರಾಯರು. ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ ‘ಸಾಹೇಬ್ರು’, ಹಿಂದೆ ‘ಶಿರಸ್ತೇದಾರರು’. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅವರದು. ಆದರೆ ಆ ಮನೆಯಲ್ಲಿ ಅವರನ್ನು ಕೇಳಿ ನಡೆಯುವ ಕೆಲಸ ಒಂದೂ ಉಳಿದಿರಲಿಲ್ಲ. ಕೇಳಿ ನಡೆಯುವ ಒಂದೇ ಜಾಗ ಸಂಘ. ಹಾಗಾಗಿ ಪ್ರತಿ ವರ್ಷ ಅವರೇ ಅಧ್ಯಕ್ಷರು, ಪ್ರತಿ ವರ್ಷ ಅವಿರೋಧ ಆಯ್ಕೆ.

ಸಂಘದ ನಿಯಮಾವಳಿ ಬರೆದವರೂ ಅವರೇ. ಅಧ್ಯಕ್ಷರಾಗಬೇಕೆನ್ನುವವರು ನಾಮಪತ್ರ ಕೊಡಬೇಕು. ಅದಕ್ಕೊಬ್ಬ ಸೂಚಕ, ಒಬ್ಬ ಅನುಮೋದಕ, ಇಬ್ಬರೂ ಸಂಘದ ಸದಸ್ಯರು. ಆಮೇಲೆ ಪರಿಶೀಲನೆ, ಆಮೇಲೆ ಬೇಡವೆಂದವರಿಗೆ ಹಿಂದೆ ಸರಿಯಲು ಕಾಲಾವಕಾಶ. ಅದು ಮುಗಿದ ಮೇಲೂ ಒಬ್ಬರಿಗಿಂತ ಹೆಚ್ಚು ಜನ ಕಣದಲ್ಲಿ ಉಳಿದರೆ ಗುಪ್ತ ಮತದಾನ. ಇಷ್ಟನ್ನೂ ಅವರು ಕಚೇರಿಯ ಭಾಷೆಯಲ್ಲಿ ಚೊಕ್ಕವಾಗಿ ಬರೆದಿದ್ದರು. ಕೊನೆಯ ಕಲಮು ಮಾತ್ರ ಅಟ್ಟದ ಮೇಲಿನ ಹಿತ್ತಾಳೆ ಹಂಡೆಯ ಹಾಗೆ, ಇದೆ ಎಂದು ಎಲ್ಲರಿಗೂ ಗೊತ್ತಿತ್ತು, ಕೆಳಗಿಳಿಸಿದವರಿಲ್ಲ. ವಾರ್ಷಿಕ ಸಭೆಯ ದಿನ ಶಿರಸ್ತೇದಾರರು ಎದ್ದು ನಿಂತು, ‘ಈ ಸಲ ನನಗ ಬ್ಯಾಡ್ರಪಾ, ಹುಡುಗರು ಯಾರಾರ ಆಗ್ರಿ’ ಎನ್ನುತ್ತಿದ್ದರು. ‘ಇಲ್ರೀ ಸಾಹೇಬ್ರ, ನೀವಽ ಆಗಬೇಕು’ ಎಂದು ನಾಲ್ಕು ದನಿ ಏಳುತ್ತಿದ್ದವು. ಮೆಡಿಕಲ್ ಶಾಪಿನ ಅಮರೇಶ ನಮ್ಮ ಸಂಘದ ಕಾರ್ಯದರ್ಶಿ. ಅವನು ಸೂಚಿಸುತ್ತಿದ್ದ, ನಾನು ಕೈ ಎತ್ತುತ್ತಿದ್ದೆ, ಇಬ್ಬರೂ ಅಲ್ಲೇ ನಾಮಪತ್ರಕ್ಕೆ ಸಹಿ ಹಾಕುತ್ತಿದ್ದೆವು. ಮೂಲೆಯ ಬಕೆಟ್ಟಿನ ನೀರಿನಲ್ಲಿ ಬೆಳಿಗ್ಗೆಯಿಂದ ಕಾಯುತ್ತಿದ್ದ ಹಾರ ಅವರ ಕೊರಳಿಗೆ ಬೀಳುತ್ತಿತ್ತು. ಚಪ್ಪಾಳೆ ಮುಗಿಯುವ ಮೊದಲೇ ಹಿಂದಿನ ಕುರ್ಚಿಗಳು ಸರಿದಾಡುತ್ತಿದ್ದವು, ಯಾಕೆಂದರೆ ಮಂಡಾಳ ವಗ್ಗರಣಿ, ಮಿರ್ಚಿ ಬಂದಿರುತ್ತಿತ್ತು. ಬಿಸಿ ಮಿರ್ಚಿಯ ಎದುರಿಗೆ ಪ್ರಜಾಪ್ರಭುತ್ವ ಬಹಳ ಹೊತ್ತು ನಿಲ್ಲುವುದಿಲ್ಲ.

ಈ ಸಲವೂ ಹಾಗೆಯೇ ಆಗುತ್ತಿತ್ತು. ಆದರೆ ಒಂದು ದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ತಿನ್ನುತ್ತ ಕೂತಿದ್ದಾಗ ಗಿರಿಜಾ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದಳು. ಕೇಳದೆ ಎರಡನೆಯ ಸಲ ಬಡಿಸಿದರೆ ಏನೋ ಸುದ್ದಿ ಇದೆ ಎಂದು ಲೆಕ್ಕ.

‘ರೀ, ಈ ಸಲ ನಾನೂ ಸಹಿ ಮಾಡೀನಿ.’

‘ಎಲ್ಲಿ?’

‘ಸುಜಾತಾ ಟೀಚರ್ ಅಧ್ಯಕ್ಷ ಸ್ಥಾನಕ್ಕ ನಿಂತಾರ. ನಾನಽ ಸೂಚಕಿ.’

ನಮ್ಮ ಸಂಘದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸದಸ್ಯತ್ವ, ಇಬ್ಬರಿಗೂ ಮತ. ಅದನ್ನೂ ಶಿರಸ್ತೇದಾರರೇ ಬರೆದಿದ್ದರು, ವರ್ಗಣಿ, ಅಂದರೆ ಸದಸ್ಯರ ವಂತಿಗೆ, ಹೆಚ್ಚಾಗಲಿ ಎಂದು. ‘ಅಂದ್ರ ಸಾಹೇಬ್ರಿಗೆ ವಿರೋಧಾನಾ?’ ಎಂದೆ.

‘ಯಾರು ವಿರೋಧ ಮಾಡ್ಯಾರ? ನಿಂತಾರ ಅಷ್ಟ. ಒಬ್ಬರು ಕೂತಾಗ ಇನ್ನೊಬ್ಬರು ನಿಂತ್ರ ಅದು ವಿರೋಧ ಆಗ್ತೈತೇನು?’

ಕಸುಬಿನ ಅಭಿಮಾನದಿಂದ ಒಂದು ಪ್ರಶ್ನೆ ಕೇಳಿದೆ: ‘ಅನುಮೋದಕರು ಯಾರು?’

‘ಅದಕ್ಕಽ ಹಿಂದಿನ ಸಾಲಿನ ಮನಿಯವರೊಳಗ ಜಗಳಾ ಆತು ನೋಡ್ರಿ, ನಾ ಮಾಡ್ತೀನಿ ನಾ ಮಾಡ್ತೀನಿ ಅಂತ. ಕಡೀಕ ಚೀಟಿ ಎತ್ತಿದ್ವಿ.’

ಅನುಮೋದಿಸಲು ಜನ ಜಗಳವಾಡುತ್ತಾರೆ ಎಂಬುದನ್ನು ನಾನು ಮೊದಲ ಸಲ ಕೇಳಿದ್ದು. ಅವತ್ತು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ಸುಖವೆನಿಸಲಿಲ್ಲ.

ಸುಜಾತಾ ಟೀಚರ್ ಮಸ್ಕಿಯ ಒಂದು ಪ್ರೌಢಶಾಲೆಯಲ್ಲಿ ಆಟ ಕಲಿಸುವವರು. ಗಂಡ ಹೊರಜಿಲ್ಲೆಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಮಾವ ದುರುಗಪ್ಪನವರು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ನಮ್ಮ ಬಡಾವಣೆಯ ಹಿಂದಿನ ಸಾಲಿನಲ್ಲಿ ಮನೆ ಕಟ್ಟಿದರು. ಹಿಂದಿನ ಸಾಲು ಎಂದರೆ ಟ್ರಾನ್ಸ್‌ಫಾರ್ಮರ್ ಆಚೆಗಿನದು. ನಳಕ್ಕೆ ನೀರು ಬಿಟ್ಟ ದಿನ ಮುಂದಿನ ಸಾಲಿನವರೆಲ್ಲ ಮೋಟಾರು ಹಚ್ಚಿ ಎಳೆದು, ಸಂಪು ತುಂಬಿಸಿ, ಗಾಡಿ ತೊಳೆದು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿಗೆ ಹೋಗಬೇಕಾದ ನೀರು ದಾರಿಯಲ್ಲೇ ಸುಸ್ತಾಗಿರುತ್ತದೆ. ಅಷ್ಟರಲ್ಲಿ ವಾಲ್ವ್ ಬಂದ್. ನಮ್ಮದು ನಡುವಿನ ಸಾಲು. ಅರ್ಧ ಸಂಪು ತುಂಬುತ್ತದೆ. ಅರ್ಧ ತುಂಬಿದವನಿಗೆ ಮಾತನಾಡಲು ಬಾಯಿ ಬರುವುದಿಲ್ಲ, ಪೂರ್ತಿ ತುಂಬದಿದ್ದರೂ ಖಾಲಿಯಂತೂ ಅಲ್ಲವಲ್ಲ ಎಂದುಕೊಂಡು ಸುಮ್ಮನಿರುತ್ತಾನೆ. ಗಿರಿಜಾ ಮಾತ್ರ ಸಂಜೆ ಸುಜಾತಾ ಟೀಚರ್ ಜೊತೆ ವಾಕಿಂಗ್ ಹೋಗಿ ಹೋಗಿ ಹಿಂದಿನ ಸಾಲನ್ನು ಕಣ್ಣಾರೆ ಕಂಡಿದ್ದಳು.

ಸುದ್ದಿ ತಿಳಿದದ್ದೇ ಅಮರೇಶ ತನ್ನ ಮೆಡಿಕಲ್ ಶಾಪಿಗೆ ನನ್ನನ್ನು ಕರೆಸಿದ. ಒಳಗೆ ಶಿರಸ್ತೇದಾರರು ಸ್ಟೂಲಿನ ಮೇಲೆ ಕೂತಿದ್ದರು. ‘ಬೆಂಕಿ ನಿನ್ನ ಮನ್ಯಾಗಿಂದಽ ಹತ್ತೈತಿ, ನೀನಽ ಆರಿಸು’ ಎಂದ ಅಮರೇಶ. ‘ಇದು ಸಾಹೇಬ್ರ ಇಜ್ಜತ್ ಪ್ರಶ್ನೆ. ಈ ವಯಸ್ಸಿನ್ಯಾಗ ಅವರನ್ನ ಓಟಿಗೆ ಇಳಸ್ತೀರೇನು? ಟೀಚರ್‌ಗೆ ಹೇಳಿ ಹಿಂದ ತಗಸು. ಬೇಕಂದ್ರ ಉಪಾಧ್ಯಕ್ಷ ಮಾಡೋಣು.’ ನಮ್ಮ ಸಂಘದಲ್ಲಿ ಉಪಾಧ್ಯಕ್ಷ ಎಂಬ ಹುದ್ದೆಯೇ ಇರಲಿಲ್ಲ. ಶಿರಸ್ತೇದಾರರು ನನ್ನ ಕಡೆ ನೋಡಿ, ‘ನಾ ಏನು ತಪ್ಪು ಮಾಡೀನಪಾ?’ ಎಂದರು. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗ ಕೇಳುತ್ತಾನಲ್ಲ, ಹಾಗಿತ್ತು. ‘ಆಯ್ತ್ರಿ, ಹೇಳ್ತೀನ್ರಿ’ ಎಂದುಬಿಟ್ಟೆ.

ಹೇಳುವುದಕ್ಕೆ ಜಾಗವೂ ತಾನಾಗಿಯೇ ಒದಗಿತು. ನಾನು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲೇ ಸುಜಾತಾ ಟೀಚರ್ ಮಸ್ಕಿಯವರೆಗೆ ಹೋಗುತ್ತಾರೆ. ಮರುದಿನ ಬಸ್ ಹತ್ತಿದಾಗ ಅವರೇ ಪಕ್ಕದ ಸೀಟಿನಿಂದ ವಾಲಿಬಾಲ್ ಇದ್ದ ಬಲೆಚೀಲ ಎತ್ತಿಕೊಂಡು ಜಾಗ ಮಾಡಿಕೊಟ್ಟರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ನಾನು ಹವಾಮಾನ ಮಾತಾಡಿದೆ. ಬಸ್ಸು ತಡವಾಗುವುದನ್ನು ಮಾತಾಡಿದೆ. ಭತ್ತದ ಗದ್ದೆಗಳು ಮುಗಿದು ತೊಗರಿಯ ಹೊಲಗಳು ಶುರುವಾದವು. ನಾನಿನ್ನೂ ಮಕ್ಕಳಿಗೆ ಓದಿನ ಒತ್ತಡ ಹೆಚ್ಚಾಗಿರುವ ಕುರಿತು ಮಾತಾಡುತ್ತಿದ್ದೆ.

‘ಸರ್, ಮಸ್ಕಿ ಬರೋದ್ರಾಗ ಹೇಳಿ ಮುಗಸ್ರಿ’ ಎಂದರು ಟೀಚರ್. ‘ನಿಮ್ಮನ್ನ ಕಳಿಸ್ಯಾರಂತ ಗೊತ್ತೈತಿ ನನಗ. ಗಿರಿಜಕ್ಕ ನಿನ್ನೇನಽ ಹೇಳ್ಯಾರ.’

ಗುಪ್ತಚರನ ಗುಟ್ಟು ಅವನ ಮನೆಯಿಂದಲೇ ಹೊರಬಿದ್ದಿತ್ತು. ಅಮರೇಶ ಹೇಳಿಕೊಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಹಿರಿಯರು, ಅನುಭವ, ಬಡಾವಣೆಯ ಒಗ್ಗಟ್ಟು, ಅವಿರೋಧ ಆಯ್ಕೆಯ ಪರಂಪರೆ. ಇಲ್ಲದ ಉಪಾಧ್ಯಕ್ಷ ಹುದ್ದೆಯನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

‘ಒಂದು ಮಾತು ಹೇಳ್ತೀನ್ರಿ ಸರ್. ಹೋದ ವರ್ಷ ನಮ್ಮ ಹುಡಿಗ್ಯಾರ ಖೋಖೋ ಟೀಮ್ ಕರ್ಕೊಂಡು ಲಿಂಗಸುಗೂರಿಗೆ ಬಂದಿದ್ದೆ. ಫೈನಲ್ಲಿಗೆ ಎದುರಿನ ಟೀಮ್ ಬರಲಿಲ್ಲ. ಅವರ ಗಾಡಿ ಕೆಟ್ಟಿತ್ತಂತ. ನಮಗ ವಾಕ್‌ಓವರ್ ಕೊಟ್ರು. ಕಪ್ ಕೈಗೆ ಬಂತು, ಫೋಟೋ ತಗದ್ರು. ವಾಪಸ್ ಬರಾಗ ಬಸ್ಸಿನ್ಯಾಗ ಒಬ್ಬಾಕೀನೂ ಆ ಕಪ್ ಮುಟ್ಟಲಿಲ್ಲರೀ. ಒಬ್ಬಾಕಿ ಅಂತೂ ಅಳಾಕ ಹತ್ತಿದ್ಲು. ಯಾಕವಾ ಅಂದ್ರ, ಟೀಚರ್ ನಾವು ಓಡಲೇ ಇಲ್ಲಲ್ರೀ ಅಂದ್ಲು.’ ಅವರು ಕಿಟಕಿಯ ಹೊರಗೆ ನೋಡಿದರು. ‘ಸಾಹೇಬ್ರು ಕೆಟ್ಟವರಲ್ಲರೀ. ಇಷ್ಟು ವರ್ಷ ಅವರ ಕೈಗೆ ಕಪ್ ಕೊಟ್ಟೀರಿ, ಒಂದು ಸಲಾನೂ ಓಡಾಕ ಬಿಟ್ಟಿಲ್ಲ. ಓಡಿದ್ರ ಹಿಂದಿನ ಸಾಲಿನ ತನಕಾ ಬರ್ತಿದ್ರಲ್ಲ?’

‘ಹೌದ್ರಿ’ ಎಂದೆ. ಮಸ್ಕಿಯ ಗುಡ್ಡ ಕಂಡಿತು, ಅವರು ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು. ನಾನು ಗುಡ್ಡ ನೋಡುತ್ತ ಕೂತೆ. ಅಲ್ಲಿ ಬಂಡೆಯ ಮೇಲೆ ಹೆಸರು ಕೆತ್ತಿಸಿದ ಅಶೋಕ ಚಕ್ರವರ್ತಿಯೂ ಒಂದು ರೀತಿಯಲ್ಲಿ ಅವಿರೋಧವಾಗಿ ಆಯ್ಕೆಯಾದವನೇ. ವಿರೋಧಿಸಬಹುದಾದ ಅಣ್ಣತಮ್ಮಂದಿರನ್ನೆಲ್ಲ ಮೊದಲೇ ಮುಗಿಸಿದ್ದ ಎಂದು ಕಥೆ ಹೇಳುತ್ತಾರೆ. ನಾವು ಅಷ್ಟು ಕ್ರೂರಿಗಳಲ್ಲ, ಬಸ್ಸಿನಲ್ಲಿ ಒಬ್ಬ ಗುಮಾಸ್ತನನ್ನು ಕಳಿಸಿ ಮೆತ್ತಗೆ ಹೇಳಿಸುತ್ತೇವೆ. ಉದ್ದೇಶ ಮಾತ್ರ ಹೆಚ್ಚುಕಡಿಮೆ ಒಂದೇ. ಬಸ್ಸು ಲಿಂಗಸುಗೂರು ಮುಟ್ಟುವವರೆಗೂ ಈ ವಿಚಾರ ನನ್ನನ್ನು ಬಿಡಲಿಲ್ಲ. ಅವಿರೋಧ ಎಂದರೆ ಎಲ್ಲರೂ ಬೇಕು ಎಂದರು ಎಂದೇ ನಾನು ತಿಳಿದಿದ್ದೆ. ಯಾರೂ ಬೇಡ ಎನ್ನಲಿಲ್ಲ ಎನ್ನುವುದು ಬೇರೆ ಮಾತು. ಅವೆರಡರ ನಡುವೆ ಒಂದು ಇಡೀ ಬಡಾವಣೆ ಸುಮ್ಮನೆ ಕೂತಿರಬಹುದು.

ಹಿಂದೆ ಸರಿಯುವ ಗಡುವು ದಾಟಿತು. ಅಟ್ಟದ ಮೇಲಿನ ಹಂಡೆ ಕೆಳಗಿಳಿಯಿತು. ಅಮರೇಶ ಮುಖ ಊದಿಸಿಕೊಂಡು, ‘ಅಂಗಡ್ಯಾಗ ಗಿರಾಕಿ ಭಾಳ, ನಾ ಬರಂಗಿಲ್ಲ’ ಎಂದುಬಿಟ್ಟ. ಪ್ರಚಾರಕ್ಕೆ ಶಿರಸ್ತೇದಾರರ ಜೊತೆ ಉಳಿದವನು ನಾನೊಬ್ಬನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ ಉಟ್ಟು ಅವರು ನಮ್ಮ ಮನೆಯ ಮುಂದೆ ಬಂದು ನಿಂತರು. ಜೀವಮಾನವಿಡೀ ಜನ ಅವರ ಮೇಜಿನ ಮುಂದೆ ಬಂದು ನಿಂತವರೇ. ತಾವೇ ಹೋಗಿ ನಿಲ್ಲುವುದು ಅವರಿಗೆ ತಿಳಿದಿರಲಿಲ್ಲ. ದನಿ ಇಳಿಸಿ ಕೇಳಿದರು: ‘ಮತ ಕೇಳೋದು ಹೆಂಗಪಾ? ಹೋದ ಕೂಡ್ಲೆ ಕೈ ಮುಗಿಬೇಕೋ, ಕೂತ ಮ್ಯಾಲೆ ಮುಗಿಬೇಕೋ?’ ನನಗೂ ಗೊತ್ತಿರಲಿಲ್ಲ. ‘ಎರಡೂ ಸಲ ಮುಗೀರಿ ಸಾಹೇಬ್ರ’ ಎಂದೆ. ಗಿರಿಜಾ ಒಳಗಿನಿಂದ ಬಂದು, ‘ಮೊದಲು ಹೆಂಗದೀರಿ ಅಂತ ಕೇಳ್ರಿ, ಕೈ ಆಮ್ಯಾಲ ಮುಗೀರಿ’ ಎಂದಳು. ಎದುರಾಳಿಯ ಸೂಚಕಿ ಹೇಳಿಕೊಟ್ಟ ಈ ಪಾಠದಿಂದಲೇ ನಮ್ಮ ಪ್ರಚಾರ ಶುರುವಾಯಿತು.

ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಬೆಚ್ಚಿ, ‘ಸಾಹೇಬ್ರು ಬಂದ್ರು, ವರ್ಗಣಿ ಕೊಟ್ಟಿಲ್ಲೇನು ನೋಡು’ ಎಂದು ಒಳಗೆ ಕೂಗಿದರು. ಎರಡನೆಯ ಮನೆಯಲ್ಲಿ ಅಜ್ಜಿಯೊಬ್ಬರು ಅವರನ್ನು ಮೀಟರ್ ನೋಡುವವರೆಂದು ತಿಳಿದು ಗೋಡೆ ತೋರಿಸಿದರು. ಆದರೆ ಯಾರೂ ಚಹಾ ಕೊಡದೆ ಬಿಡಲಿಲ್ಲ. ಶಿರಸ್ತೇದಾರರಿಗೆ ಸಕ್ಕರೆ ಕಾಯಿಲೆ. ಚಹಾ ಬೇಡವೆಂದರೆ ಮತವೂ ಬೇಡವೆಂದಂತೆ ಎಂದು ಅವರಿಗೆ ಯಾರು ಹೇಳಿದ್ದರೋ, ಅರ್ಧ ಲೋಟ ಕುಡಿದು ಉಳಿದದ್ದನ್ನು ಕಣ್ಣು ತಪ್ಪಿಸಿ ನನ್ನ ಲೋಟಕ್ಕೆ ಸುರಿಯುತ್ತಿದ್ದರು. ಆ ದಿನಗಳಲ್ಲಿ ನಾನು ಕುಡಿದ ಚಹಾದಲ್ಲಿ ಕಾಲುವೆಗೆ ಒಂದು ಪಾಳಿ ನೀರು ಬಿಡಬಹುದಿತ್ತು. ಹೊಟ್ಟೆ ಉರಿಯುತ್ತ ಮನೆಗೆ ಬಂದರೆ ಗಿರಿಜಾ ತಣ್ಣಗೆ ಮಜ್ಜಿಗೆ ಕೊಡುತ್ತಿದ್ದಳು. ಅಡುಗೆಮನೆಯಲ್ಲಿ ರಾಜಕೀಯ ಮಾತಾಡಬಾರದೆಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಹಾಗಾಗಿ ಅವಳು ಪಡಸಾಲೆಗೆ ಬಂದು ಮಾತಾಡುತ್ತಿದ್ದಳು.

ಟ್ರಾನ್ಸ್‌ಫಾರ್ಮರ್ ದಾಟಿ ಹಿಂದಿನ ಸಾಲಿಗೆ ಹೋದ ದಿನ ನೀರು ಬಿಟ್ಟಿದ್ದರು. ಮೊದಲ ಮನೆಯ ಮುಂದೆ ಒಂದು ಗುಂಡಿ. ಗುಂಡಿಯೊಳಗೆ ಒಬ್ಬ ಹೆಣ್ಣುಮಗಳು ಸೊಂಟದವರೆಗೆ ಇಳಿದು ನಿಂತಿದ್ದಳು. ಕೆಳಗೆ ನಳದ ಬಾಯಿಗೆ ಒಂದು ಚೊಂಬು ಹಿಡಿದು, ಅದು ತುಂಬಿದ ಮೇಲೆ ಕೊಡಕ್ಕೆ ಸುರಿಯುತ್ತಿದ್ದಳು. ಶಿರಸ್ತೇದಾರರು ನಿಂತುಬಿಟ್ಟರು.

‘ಇದ್ಯಾಕವಾ ಗುಂಡಿ ತೋಡೀರಿ?’

‘ನೀರು ಮ್ಯಾಲ ಏರಂಗಿಲ್ರೀ ಸಾಹೇಬ್ರ’ ಎಂದಳು ಅವಳು, ಚೊಂಬಿನಿಂದ ಕಣ್ಣು ಎತ್ತದೆ. ‘ಅದಕ್ಕ ನಾವಽ ಕೆಳಗ ಇಳೀತೀವಿ.’

ಮುಂದಿನ ಮನೆಯೆದುರೂ ಗುಂಡಿ, ಅದರ ಮುಂದಿನ ಮನೆಯೆದುರೂ ಗುಂಡಿ. ಅವತ್ತು ಅವರು ಆ ಸಾಲಿನಲ್ಲಿ ಕೈ ಮುಗಿದು ಮತ ಕೇಳಿದರು ನಿಜ, ಆದರೆ ಗುಂಡಿಯಲ್ಲಿದ್ದವರನ್ನು ಕೇಳಲು ಬಗ್ಗಬೇಕಾಗುತ್ತಿತ್ತು. ಧೋತರದ ಅಂಚು ಕೆಸರಾಯಿತು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, ‘ನೀ ಎಂದರ ಈ ಕಡೆ ಬಂದಿದ್ದೇನು?’ ಎಂದರು. ‘ಇಲ್ರೀ’ ಎಂದೆ. ‘ನಾನೂ’ ಎಂದು ಮುಂದೆ ನಡೆದರು.

ಕೊನೆಯ ಮನೆ ಸುಜಾತಾ ಟೀಚರ್ ಅವರದು. ‘ಇದೊಂದು ಬಿಡೋಣ್ರಿ ಸಾಹೇಬ್ರ’ ಎಂದೆ. ‘ಯಾಕ? ಸದಸ್ಯರಲ್ಲೇನು ಅವರು?’ ಎಂದು ಗೇಟು ತೆರೆದೇಬಿಟ್ಟರು. ದುರುಗಪ್ಪನವರು ಹೊರಗೆ ಬಂದು, ‘ಬರ್ರೀ, ಬರ್ರೀ ಸಾಹೇಬ್ರ’ ಎಂದು ಕುರ್ಚಿ ಒರೆಸಿದರು. ಪಡಸಾಲೆಯ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಟೀಚರ್ ಚಹಾ ತಂದರು. ಶಿರಸ್ತೇದಾರರು ಲೋಟ ಕೈಗೆ ತಗೊಂಡು ಒಂದು ಗಳಿಗೆ ಸುಮ್ಮನಿದ್ದರು. ಅವರದು ಹಳೆಯ ಕಾಲದ ಮನೆತನ. ಆ ಮನೆತನದಲ್ಲಿ ಯಾರ ಮನೆಯ ನೀರು ಕುಡಿಯಬೇಕು, ಯಾರದು ಕುಡಿಯಬಾರದು ಎಂಬುದಕ್ಕೂ ಒಂದು ಬರೆಯದ ನಿಯಮಾವಳಿ ಇತ್ತೆಂದು ನನಗೆ ಗೊತ್ತು. ದುರುಗಪ್ಪನವರಿಗೂ ಗೊತ್ತಿತ್ತು. ಅವರು ಲೋಟದ ಕಡೆ ನೋಡದೆ ಬಾಗಿಲ ಕಡೆ ನೋಡುತ್ತ ಕೂತರು. ಈ ಸಲದ ಮೌನಕ್ಕೆ ಎತ್ತಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಶಿರಸ್ತೇದಾರರು ಚಹಾ ಕುಡಿದರು. ಅರ್ಧವಲ್ಲ, ಪೂರ್ತಿ. ನನ್ನ ಲೋಟದ ಕಡೆ ನೋಡಲೇ ಇಲ್ಲ.

ಆಮೇಲೆ ಕೈ ಮುಗಿದು, ‘ಅವ್ವಾ, ನಿನ್ನ ಮತ ನನಗ ಹಾಕು’ ಎಂದರು.

ಟೀಚರ್‌ಗೆ ನಗು ತಡೆಯಲಾಗಲಿಲ್ಲ. ‘ಸಾಹೇಬ್ರ, ನಾನೂ ನಾಳೆ ನಿಮ್ಮ ಮನಿಗೆ ಬರಾಕಿ ಇದ್ದೀನ್ರೀ, ನಿಮ್ಮ ಮತ ಕೇಳಾಕ’ ಎಂದರು. ದುರುಗಪ್ಪನವರು ನಕ್ಕು, ‘ಗಣ್ಯಾಗ ಹಿಂಗಽ ಇತ್ತು ನೋಡ್ರಿ. ಶಿಫ್ಟ್ ಮುಗಿಸಿ ಮ್ಯಾಲ ಬರೋರು, ಕೆಳಗ ಇಳಿಯೋರು ಎದುರಾದ್ರ ಹುಷಾರ್ ಅಂತಿದ್ವಿ. ಸಿಟ್ಟು ಗಿಟ್ಟು ಏನೂ ಇರ್ತಿದ್ದಿಲ್ಲ’ ಎಂದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು. ‘ಹುಷಾರ್ ಸಾಹೇಬ್ರ, ಮುಂದ ಗುಂಡಿ ಐತಿ.’

ಮತದಾನ ಒಂದು ಭಾನುವಾರ. ವಾರ್ಷಿಕ ಸಭೆಗೆ ಎಂದೂ ಬರದವರೆಲ್ಲ ಬಂದು ಸಾಲು ಹಚ್ಚಿದ್ದರು. ಹೊರಗಿನಿಂದ ಕರೆಸಿದ ಒಬ್ಬ ನಿವೃತ್ತ ಮೇಷ್ಟ್ರು ಮತ ಎಣಿಸಿದರು. ಸ್ವಲ್ಪ ಮತಗಳ ಅಂತರದಲ್ಲಿ ಸುಜಾತಾ ಟೀಚರ್ ಗೆದ್ದರು. ಹಿಂದಿನ ಸಾಲಿನವರು ಕೇಕೆ ಹಾಕಿದರು. ಗಿರಿಜಾ ನನ್ನ ಕಡೆ ನೋಡಿ ತಕ್ಷಣ ಮುಖ ಬೇರೆ ಕಡೆ ತಿರುಗಿಸಿದಳು, ನಗು ಕಾಣಬಾರದೆಂದು. ನಾನು ಹೆದರಿಕೊಂಡೇ ಶಿರಸ್ತೇದಾರರ ಕಡೆ ನೋಡಿದೆ. ಅವರು ಎದ್ದು ಮೇಷ್ಟ್ರ ಮೇಜಿನ ಹತ್ತಿರ ಹೋಗಿ, ‘ನನಗೆಷ್ಟು ಬಿದ್ದಾವ್ರಿ?’ ಎಂದು ಕೇಳಿದರು. ಮೇಷ್ಟ್ರು ಹೇಳಿದರು. ‘ಇನ್ನೊಂದು ಸಲ ಹೇಳ್ರಿ’ ಎಂದರು. ಮೇಷ್ಟ್ರು ಗೆದ್ದವರ ಲೆಕ್ಕ ತಪ್ಪಿದೆ ಎಂಬ ತಕರಾರು ಇರಬೇಕೆಂದು ಚೀಟಿಗಳನ್ನು ಮತ್ತೆ ಎಣಿಸತೊಡಗಿದರು. ‘ಅದಲ್ಲರೀ’ ಎಂದರು ಶಿರಸ್ತೇದಾರರು. ‘ಇಷ್ಟು ಮಂದಿ ನನಗ ಹಾಕ್ಯಾರೇನು?’

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಅಧ್ಯಕ್ಷರಾಗಿದ್ದರೂ ತಾವು ಎಷ್ಟು ಜನಕ್ಕೆ ಬೇಕಾಗಿದ್ದೇವೆ ಎಂದು ತಿಳಿಯುವ ದಾರಿಯೇ ಅವರಿಗಿರಲಿಲ್ಲ. ಅವರಿಗೆ ಲೆಕ್ಕವಿದ್ದದ್ದು ಎರಡೇ ಸಹಿ, ಅಮರೇಶನದು ಮತ್ತು ನನ್ನದು. ಅದರಲ್ಲಿ ನನ್ನದು ಎಷ್ಟರದೆಂದು ನಿಮಗೆ ಈಗಾಗಲೇ ಗೊತ್ತಿದೆ. ಹಾಗೆಂದು ಅವರಿಗೆ ಸೋಲು ನಾಟಲಿಲ್ಲವೆಂದು ಹೇಳಲಾರೆ. ಅವತ್ತು ವಗ್ಗರಣಿ ಮುಟ್ಟದೆ ಮನೆಗೆ ಹೋದರು, ಕೆಲವು ದಿನ ಹೊರಗೆ ಕಾಣಿಸಲಿಲ್ಲ. ಅಷ್ಟರಲ್ಲಿ ಟೀಚರ್ ನೀರು ಬಿಡುವವನ ಜೊತೆ ಮಾತಾಡಿ, ಒಂದು ಸಲ ಮುಂದಿನ ಸಾಲಿಗೆ ಮೊದಲು, ಇನ್ನೊಂದು ಸಲ ಹಿಂದಿನ ಸಾಲಿಗೆ ಮೊದಲು ಎಂದು ಸರದಿ ಮಾಡಿಸಿದರು. ಮುಂದಿನ ಸಾಲಿನ ಕೆಲವರು ಗೊಣಗಿದರು. ನಮ್ಮ ಸಂಪು ಮೊದಲಿನಂತೆಯೇ ಅರ್ಧ ತುಂಬಿತು. ನಡುವಿನ ಸಾಲಿನವರ ಹಣೆಬರಹ ಯಾವ ಸರ್ಕಾರ ಬಂದರೂ ಅಷ್ಟೇ.

ಹೊಸ ಅಧ್ಯಕ್ಷರ ಕೈಕೆಳಗೆ ತಾನಿರುವುದಿಲ್ಲವೆಂದು ಅಮರೇಶ ಕಾರ್ಯದರ್ಶಿ ಸ್ಥಾನ ಬಿಟ್ಟ. ಆ ಜಾಗಕ್ಕೆ ನಾಮಪತ್ರ ಕರೆದರು. ‘ಸರ್, ನೀವಽ ಆಗ್ರಿ, ಎರಡೂ ಕಡಿಗೆ ಬೇಕಾದವರು’ ಎಂದು ನಾಲ್ಕು ಜನ ಹೇಳಿದರು. ಎಲ್ಲರಿಗೂ ಬೇಕಾದವನೆನ್ನುವುದಕ್ಕಿಂತ ಯಾರಿಗೂ ಬೇಡವಾಗದವನು ಎನ್ನುವುದು ಹೆಚ್ಚು ಸರಿಯಿತ್ತು, ಆದರೆ ಅಂಥ ಹೊತ್ತಿನಲ್ಲಿ ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ? ನಾಮಪತ್ರ ಕೊಟ್ಟೆ. ಕೇಳದೆಯೇ ಆ ನಾಲ್ವರಲ್ಲಿ ಇಬ್ಬರು ಸಹಿ ಹಾಕಿಕೊಟ್ಟಿದ್ದರು; ಬೇರೆ ಯಾರೂ ನಾಮಪತ್ರ ಕೊಟ್ಟಿರಲಿಲ್ಲ. ನಾಮಪತ್ರ ಕೊಡುವ ಕೊನೆಯ ದಿನದ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಯಾವ ಅಂಗಿಯ ಮೇಲೆ ಹಾರ ಚೆನ್ನಾಗಿ ಕಾಣುತ್ತದೆ ಎಂದು ಎರಡು ಅಂಗಿ ಬದಲಿಸಿ ನೋಡಿದೆ ಎಂಬುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಸಂಜೆ ಲಿಂಗಸುಗೂರಿನಿಂದ ಬಂದು ಕಾಲು ತೊಳೆದು ಕೂತಿದ್ದೆ. ಗೇಟು ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ. ಶಿರಸ್ತೇದಾರರು.

‘ಹೆಂಗದೀಯಪಾ?’ ಎಂದರು. ಆಮೇಲೆ ಕೈ ಮುಗಿದರು. ‘ನಿನ್ನ ಮತ ಕೇಳಾಕ ಬಂದೀನಿ. ಕಾರ್ಯದರ್ಶಿಗೆ ನಿಂತೀನಿ. ಮಧ್ಯಾಹ್ನ ನಾಮಪತ್ರ ಕೊಟ್ಟೆ.’

‘ಸಾಹೇಬ್ರ, ನಾನಽ ನಿಂತೀನಲ್ಲರೀ!’

‘ಗೊತ್ತೈತಿ. ಆದ್ರ ನೀನೂ ಸದಸ್ಯ ಅಲ್ಲೇನು?’ ಅವರು ಕುರ್ಚಿ ಎಳೆದುಕೊಂಡು ಕೂತರು. ‘ಅಧ್ಯಕ್ಷ ಇದ್ದಾಗ ಯಾರೂ ಒಂದು ದಿನ ಚಾಕ್ಕ ಕರೀಲಿಲ್ಲಪಾ. ಸೋತ ಮ್ಯಾಲ ಹಿಂದಿನ ಸಾಲಿನ ಹುಡುಗರು ಬಂದು ಅರ್ಜಿ ಬರಕೊಡ್ರಿ ಅಂತ ಕರ್ಕೊಂಡು ಹೋಗಾಕತ್ತಾರ. ಅರ್ಜಿ ಬರಿಯೋದು ನನಗ ಬರ್ತೈತಿ. ಅಧ್ಯಕ್ಷನ ಕೆಲಸಕ್ಕಿಂತ ಅದಽ ಚಂದ ಬರ್ತೈತಿ.’

ನಾನು ಬಹಳ ಗೌರವದಿಂದ ಹೇಳಿದೆ: ‘ಸಾಹೇಬ್ರ, ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ ಇದೆಲ್ಲಾ. ಬಡಾವಣಿ ಒಗ್ಗಟ್ಟು ನೋಡ್ರಿ. ಹಿಂದ ತಗೋರಿ. ಬೇಕಂದ್ರ ನಿಮಗ ಗೌರವಾಧ್ಯಕ್ಷ…’ ಅಲ್ಲಿಗೆ ನನ್ನ ದನಿ ನನಗೇ ಕೇಳಿಸಿತು. ಗಿರಿಜಾ ಚಹಾ ತಂದಿಟ್ಟಳು. ‘ಸಕ್ಕರಿ ಹಾಕಿಲ್ರೀ ಸಾಹೇಬ್ರ’ ಎಂದಳು. ಅವರು ಪೂರ್ತಿ ಕುಡಿದು, ‘ನಿನ್ನಂಥ ಸೂಚಕಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕವಾ’ ಎಂದು ಎದ್ದು ಹೋದರು.

ನಾನು ಹೆಂಡತಿಯ ಮುಖ ನೋಡಿದೆ. ‘ಅವರಿಗೂ ನೀನಽ ಸೂಚಕಿ?’

‘ಕೇಳಾಕ ಮನಿಗೆ ಬಂದಿದ್ರು. ನೀವು ಕೇಳಿದ್ದಿದ್ರ ನಿಮಗೂ ಆಗ್ತಿದ್ದೆ. ನೀವು ಯಾರನ್ನ ಕೇಳೀರಿ?’

ಯಾರನ್ನೂ ಕೇಳಿರಲಿಲ್ಲ. ಗಡುವಿನೊಳಗೆ ಹಿಂದೆ ಸರಿದುಬಿಡೋಣವೇ ಎಂದೊಮ್ಮೆ ಅನ್ನಿಸಿತು. ಆದರೆ ಬಸ್ಸಿನಲ್ಲಿ ಟೀಚರ್ ಮುಖ ಹೇಗೆ ನೋಡುವುದು? ನಿಂತೇ ನೋಡೋಣ ಎಂದು ಗಟ್ಟಿ ಮಾಡಿಕೊಂಡು, ‘ಹಂಗಾದ್ರ ನಿನ್ನ ಮತದಿಂದಽ ಶುರು ಮಾಡ್ತೀನಿ. ನಿನ್ನ ಮತ ನನಗ ಹಾಕು’ ಎಂದೆ, ಕುರ್ಚಿಯಲ್ಲಿ ಕೂತಲ್ಲಿಂದಲೇ.

‘ಹಿಂಗ ಕೇಳ್ತಾರೇನು? ಹೊರಗ ಹೋಗಿ ಬಾಗಿಲು ಬಡೀರಿ.’

ಅವಳು ಹೇಳಿದ ಮೇಲೆ ಮುಗಿಯಿತು. ಹೊರಗೆ ಹೋಗಿ ಬಾಗಿಲು ಬಡಿದೆ. ತೆರೆದವಳು ಸೆರಗು ಸರಿಮಾಡಿಕೊಂಡು, ಅಪರಿಚಿತರನ್ನು ನೋಡುವ ಹಾಗೆ ನೋಡಿದಳು. ‘ಹೆಂಗದೀರಿ’ ಎಂದೆ. ಕೈ ಮುಗಿದೆ. ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೇನೆ, ದಯವಿಟ್ಟು ಬೆಂಬಲಿಸಬೇಕು ಎಂದೆ.

‘ಗೆದ್ರ ಏನು ಮಾಡ್ತೀರಿ?’

‘ಹಿಂದಿನ ಸಾಲಿನ ಗುಂಡಿ ಮುಚ್ಚಸ್ತೀನಿ.’

‘ಅದನ್ನ ಟೀಚರ್ ಮಾಡಾಕತ್ತಾರ. ನಿಮ್ಮದೇನು ಹೇಳ್ರಿ.’

ನಾನು ಯೋಚಿಸಿದೆ. ಇಷ್ಟು ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸೊಳ್ಳೆಗಳು ಕಾಲಿಗೆ ಮುತ್ತಿದವು. ಅವಳು ತಾಳ್ಮೆಯಿಂದ ಕಾದಳು. ಆಮೇಲೆ, ‘ಅವಸರ ಇಲ್ಲ, ವಿಚಾರ ಮಾಡ್ರಿ. ಅಷ್ಟರಾಗ ಅನ್ನಕ್ಕ ಇಟ್ಟು ಬರ್ತೀನಿ’ ಎಂದು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು.

ಹಾಲಿನ ಪಾಕೀಟು ಹಿಡಿದುಕೊಂಡು ಹೊರಟಿದ್ದ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತರು. ನನ್ನನ್ನೂ ಮುಚ್ಚಿದ ಬಾಗಿಲನ್ನೂ ಒಂದೆರಡು ಸಲ ನೋಡಿದರು.

‘ಯಾಕ್ರೀ ಸರ್, ಹೊರಗ ನಿಂತೀರಿ?’

‘ಚುನಾವಣಿಗೆ ನಿಂತೀನ್ರಿ’ ಎಂದೆ.